ಬೊಲೆರೊ ಹಿಂದಿನ ಪಾಟಾ ಬುಷ್: ಎಡಬದಿ ಮುಗಿಯಿತು, ಬಲಬದಿ ಬಾಕಿ

ಬೊಲೆರೊ ಹಿಂದಿನ ಪಾಟಾದ (ಲೀಫ್ ಸ್ಪ್ರಿಂಗ್) ಎಡಬದಿಯ ಮೂರೂ ಬುಷ್ ಕೂತವು. ಬುಷ್ ಎಂದರೆ ಹೊರಗೆ ಲೋಹದ ಚಿಪ್ಪು, ಒಳಗೆ ಬೋಲ್ಟ್ ಹಾಯುವ ಲೋಹದ ಕೊಳವೆ (ಸ್ಲೀವ್), ನಡುವೆ ರಬ್ಬರ್; ಇದು ಪಾಟಾದ ತುದಿಯ ಸುರುಳಿಯೊಳಗೆ, ಅಂದರೆ ಕಣ್ಣಿನೊಳಗೆ, ಕೂರುತ್ತದೆ. ಬಲಬದಿಗೆ ಕೈ ಹಾಕುವ ಮೊದಲು ಇಲ್ಲಿಯವರೆಗಿನ ಕೆಲಸ ಬರೆದಿಡುತ್ತಿದ್ದೇವೆ. ಬೆಳಗಾವಿ ಸುತ್ತಮುತ್ತ ಇಂಥ ಗಾಡಿ ಇಟ್ಟುಕೊಂಡವರಿಗೆ ಬಿಚ್ಚುವುದಕ್ಕಿಂತ ತುಕ್ಕಿನ ಜೊತೆ ಗುದ್ದಾಡುವುದೇ ದೊಡ್ಡ ಕೆಲಸ. ಖಾನಾಪುರ, ಜಾಂಬೋಟಿ ಕಡೆಯ ಮಳೆಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಹೆಚ್ಚು.

ಬುಷ್ ಹೋಗಿದೆ ಎಂದು ತಿಳಿಯುವುದು ಹೀಗೆ: ನಿಂತ ಗಾಡಿಯ ಕ್ಲಚ್ ಬಿಡುವಾಗ ಹಿಂದೆ ಒಂದು ‘ಧಡ್’, ಬ್ರೇಕ್ ಒತ್ತಿದಾಗ ಮತ್ತೊಂದು. ಇದು ಹೆಚ್ಚಾಗಿ ಪಾಟಾದ ಮುಂದಿನ ಕಣ್ಣಿನ ಬುಷ್. ಹಂಪ್ ಹತ್ತಿಳಿಯುವಾಗ ಮಾತ್ರ ‘ಟಕ್ ಟಕ್’ ಎಂದರೆ ಶ್ಯಾಕಲ್ (ಪಾಟಾದ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ತೂಗು ಕೊಂಡಿ) ಕಡೆ ನೋಡಬೇಕು. ಕಣ್ಣಿಗೂ ಹ್ಯಾಂಗರಿಗೂ (ಚಾಸಿಯಲ್ಲಿ ಕಣ್ಣನ್ನು ಹಿಡಿಯುವ ಬ್ರಾಕೆಟ್) ನಡುವೆ ಹಾರೆ ಕೊಟ್ಟು ಮೀಟಿದಾಗ ಒಳಗಿನ ಸ್ಲೀವ್ ಕಣ್ಣಿನ ನಡುಮಧ್ಯ ಬಿಟ್ಟು ಒಂದು ಬದಿಗೆ ಸರಿದರೆ ರಬ್ಬರ್ ಸ್ಲೀವಿನಿಂದ ಬಿಟ್ಟಿದೆ ಎಂದರ್ಥ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿವೆ ಎಂದಷ್ಟಕ್ಕೇ ಬದಲಿಸಬೇಕಿಲ್ಲ. ಎಡಬದಿ ಮುಂದಿನ ಬುಷ್ ಬಿಚ್ಚಿದಾಗ ರಬ್ಬರ್ ಕರಿ ಪುಡಿಯಾಗಿ ಉದುರಿತು. ಸ್ಲೀವ್ ಕೆಳಗೆ ಕುಸಿದು ಹೊರಚಿಪ್ಪಿಗೆ ನೇರ ತಾಗಿ, ಆ ಜಾಗ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

ಒಂದು ಬದಿಗೆ ಮೂರು ಬುಷ್: ಮುಂದಿನ ಕಣ್ಣು, ಹಿಂದಿನ ಕಣ್ಣು, ಶ್ಯಾಕಲ್ ಚಾಸಿಗೆ ಸೇರುವಲ್ಲಿ ಒಂದು. ಎರಡೂ ಬದಿಗೆ ಆರು. ಬೋಲ್ಟ್, ನೈಲಾಕ್ ನಟ್ (ಸಡಿಲಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್) ಹೊಸವೇ ಬೇಕು. ಅಂಗಡಿಯಲ್ಲಿ ಗಾಡಿ ಹೆಸರು ಹೇಳಿ ತಂದರೆ ಸಾಲದು, ಹಳೆಯದನ್ನು ವರ್ನಿಯರ್‌ನಲ್ಲಿ ಅಳೆದು ಹೊರವ್ಯಾಸ, ಉದ್ದ, ಸ್ಲೀವಿನ ತೂತು ಮೂರನ್ನೂ ಹೊಂದಿಸಿ ನೋಡಬೇಕು. ಸ್ಲೀವಿನ ಉದ್ದ 1 ಮಿ.ಮೀ. ಕಡಿಮೆ ಇದ್ದರೂ ಹ್ಯಾಂಗರ್ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ.

ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಯಾವ ಕೆಲಸಕ್ಕೂ ಬಾರದು, ಅದು ಹಿಡಿಯುವುದೇ ಹಿಂದಿನ ಚಕ್ರಗಳನ್ನು. ಹಾಗಾಗಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಗುಟ್ಟ ಕೊಡಬೇಕು. ಸ್ಟ್ಯಾಂಡ್ ಚಾಸಿಯ ಕೆಳಗೆ, ಜಾಕ್ ಆಕ್ಸಲ್ ಕೆಳಗೆ. ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಬೇಡಿ. ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ, ಕೆಳಗಿರುವುದು ನಿಮ್ಮ ಎದೆ.

ಪಾಟಾ ಪೂರ್ತಿ ಇಳಿಸಲಿಲ್ಲ. ಇಳಿಸಿದರೆ ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಬಿಚ್ಚಬೇಕು, ಒಮ್ಮೆ ಎಳೆದು ಬಿಗಿದ ಯು-ಬೋಲ್ಟನ್ನು ಮತ್ತೆ ಬಳಸುವುದು ಸರಿಯಲ್ಲ. ಒಂದು ಸಲಕ್ಕೆ ಒಂದೇ ತುದಿ ಬಿಚ್ಚಿ, ಜಾಕಿನಿಂದ ಆಕ್ಸಲ್ ಸ್ವಲ್ಪ ಸ್ವಲ್ಪ ಇಳಿಸಿದರೆ ಕಣ್ಣು ಹ್ಯಾಂಗರಿನಿಂದ ಹೊರಬರುತ್ತದೆ. ಇನ್ನೊಂದು ತುದಿ ಕಟ್ಟಿಕೊಂಡೇ ಇರುವುದರಿಂದ ಆಕ್ಸಲ್ ಜಾಗ ಬಿಟ್ಟು ಹೆಚ್ಚು ಸರಿಯದು. ಇಳಿಸುವಾಗ ಬ್ರೇಕ್ ಹೋಸ್ ಬಿಗಿಯಾಗುತ್ತಿದೆಯೇ ನೋಡುತ್ತಿರಬೇಕು.

ಮುಂದಿನ ಬೋಲ್ಟ್ ಸ್ಲೀವಿನೊಳಗೆ ತುಕ್ಕು ಹಿಡಿದು ಒಂದಾಗಿತ್ತು. ಗುರುತು ಇದು: ನಟ್ ಬರುತ್ತದೆ, ಬೋಲ್ಟ್ ತಿರುಗಿದಂತೆಯೂ ಕಾಣುತ್ತದೆ, ಆದರೆ ಪಾನಾ (ಸ್ಪ್ಯಾನರ್) ಬಿಟ್ಟ ಕೂಡಲೇ ವಾಪಸ್ ತಿರುಗಿ ನಿಲ್ಲುತ್ತದೆ. ತಿರುಗಿದ್ದು ರಬ್ಬರ್, ಬೋಲ್ಟ್ ಅಲ್ಲ. ಇದಕ್ಕೆ ಗ್ಯಾಸ್ ಹಿಡಿದು ಕಾಯಿಸುವುದು ಇಲ್ಲಿ ರೂಢಿ. ಆದರೆ ಪಾಟಾ ಹದ ಕೊಟ್ಟ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಉಕ್ಕು, ಕೆಂಪಗೆ ಕಾಯಿಸಿದರೆ ಕಣ್ಣಿನ ಹದ ಹೋಗುತ್ತದೆ, ಮುಂದೆ ಅಲ್ಲೇ ಮುರಿಯುತ್ತದೆ. ನಾವು ಹೊರಗೆ ಉಬ್ಬಿದ್ದ ರಬ್ಬರನ್ನು ಚಾಕುವಿನಿಂದ ಕೊಯ್ದು ತೆಗೆದು, ಕಣ್ಣಿಗೂ ಹ್ಯಾಂಗರಿಗೂ ನಡುವಿನ ಸಂದಿನಲ್ಲಿ ಎರಡೂ ಕಡೆ ಬೋಲ್ಟ್ ಕತ್ತರಿಸಿದೆವು. ಹೊಸ ಬೋಲ್ಟ್ 8.8 ಗ್ರೇಡಿಗಿಂತ (ಬೋಲ್ಟಿನ ಬಲ ತೋರಿಸುವ ಅಂಕಿ) ಕಡಿಮೆ ಬೇಡ, ಹಳೆಯದರ ತಲೆಯ ಮೇಲೆ 10.9 ಎಂದಿದ್ದರೆ ಅದೇ ಬೇಕು. ಬೋಲ್ಟಿನ ನುಣುಪು ಭಾಗ ಹ್ಯಾಂಗರಿನ ಎರಡೂ ಗೋಡೆ ದಾಟಬೇಕು. ಬೋಲ್ಟಿನ ಮರೆ (ಥ್ರೆಡ್) ತೂತಿನೊಳಗೆ ಕೂತರೆ ತೂತನ್ನು ಅರದಂತೆ ತಿನ್ನುತ್ತದೆ.

ಹಳೆಯ ಬುಷ್ ತೆಗೆಯಲು ರಬ್ಬರಿನ ಸುತ್ತ 6 ಮಿ.ಮೀ. ಡ್ರಿಲ್‌ನಿಂದ ಒತ್ತೊತ್ತಾಗಿ ತೂತು ಹೊಡೆದರೆ ಸ್ಲೀವ್ ಕಿತ್ತು ಬರುತ್ತದೆ. ಉಳಿಯುವುದು ಕಣ್ಣಿಗೆ ಅಂಟಿದ ಹೊರಚಿಪ್ಪು. ಹ್ಯಾಕ್ಸಾ ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ ಫ್ರೇಮಿಗೆ ಕಟ್ಟಿ, ಚಿಪ್ಪಿನ ಉದ್ದಕ್ಕೆ ಒಂದು ಗೀರು, 10 ಮಿ.ಮೀ. ಬಿಟ್ಟು ಇನ್ನೊಂದು. ಇಲ್ಲಿ ಅವಸರ ಬೇಡ. ಚಿಪ್ಪು ಇನ್ನೇನು ತುಂಡಾಗಬೇಕು ಎನ್ನುವಾಗ ನಿಲ್ಲಿಸಿ, ಆ ಪಟ್ಟಿಯನ್ನು ಚಾಣದಿಂದ ಒಳಕ್ಕೆ ಮಡಚಿದರೆ ಚಿಪ್ಪು ಸಡಿಲಾಗಿ ಜಾರುತ್ತದೆ. ಬ್ಲೇಡ್ ಕಣ್ಣಿಗೇ ಗೀರು ಬಿಟ್ಟರೆ ಮುಖ್ಯ ಪಾಟಾ ಒಡೆಯುವುದು ಅಲ್ಲಿಂದಲೇ. ನಂತರ 120 ನಂಬರ್ ಪಾಲಿಶ್ ಪೇಪರ್‌ನಿಂದ ಒಳಗೋಡೆ ತಿಕ್ಕಿ, ದುಂಡು ಅರದಿಂದ ಬಾಯಿಯ ಅಂಚನ್ನು ತುಸು ಇಳಿಜಾರು ಮಾಡಿದೆವು.

ಕೂಡಿಸಲು ಸುತ್ತಿಗೆ ಬಳಸಲಿಲ್ಲ. ಎಂ16 ಹೈಟೆನ್ಸೈಲ್ ರಾಡ್, ಎರಡು ನಟ್, ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇತಿನಲ್ಲಿ ಕಡೆಸಿದ ಎರಡು ತುಂಡು. ಒಂದು ಬುಷ್ ಒಳಕ್ಕೆ ತಳ್ಳುವ ಬಿಲ್ಲೆ, ಇದರ ಹೊರವ್ಯಾಸ ಬುಷ್‌ಗಿಂತ 1 ಮಿ.ಮೀ. ಕಡಿಮೆ. ಇನ್ನೊಂದು ಆಚೆ ಬದಿ ಕಣ್ಣಿಗೆ ಆನಿಸುವ ಕಪ್, ಇದರ ಒಳವ್ಯಾಸ ಬುಷ್‌ಗಿಂತ 2 ಮಿ.ಮೀ. ಹೆಚ್ಚು. ಬಿಲ್ಲೆಯ ನಡುವೆ ಸ್ಲೀವ್ ತಾಗದಂತೆ ಗುಳಿ ಕಡೆಸಿದ್ದೇ ಇದರ ಜೀವಾಳ: ಒತ್ತಡ ಹೊರಚಿಪ್ಪಿನ ಮೇಲೆ ಬೀಳಬೇಕು. ಸ್ಲೀವ್ ಮೇಲೆ ಒತ್ತಿದರೆ ರಬ್ಬರಿನ ಬೆಸುಗೆ ಹರಿದು, ಹೊಸ ಬುಷ್ ಹಾಕುವಾಗಲೇ ಸಾಯುತ್ತದೆ. ತಿರುಗಿಸುವ ನಟ್ಟಿನ ಕೆಳಗೆ 51103 ಥ್ರಸ್ಟ್ ಬೇರಿಂಗ್ ಇಟ್ಟರೆ ಪಾನಾ ಸಲೀಸಾಗಿ ತಿರುಗುತ್ತದೆ. ಜಾರಲು ಸಾಬೂನು ನೀರು ಸಾಕು. ಗ್ರೀಸ್, ಇಂಜಿನ್ ಆಯಿಲ್ ಬೇಡ, ನೈಸರ್ಗಿಕ ರಬ್ಬರ್ ಎಣ್ಣೆ ಕುಡಿದು ಊದಿ ಮೆತ್ತಗಾಗುತ್ತದೆ. ಬುಷ್ ವಾರೆಯಾಗಿ ಹೊರಟರೆ ಅಲ್ಲೇ ಹಿಂದಕ್ಕೆಳೆದು ಮತ್ತೆ ನೇರ ಮಾಡಬೇಕು, ಬಿಗಿದರೆ ನೇರವಾದೀತು ಎಂಬ ಆಸೆ ಬೇಡ.

ಇಷ್ಟೆಲ್ಲ ಸರಿ ಮಾಡಿ ಕೊನೆಯಲ್ಲಿ ಕೆಡಿಸುವ ಜಾಗ ಒಂದಿದೆ. ಗ್ಯಾರೇಜುಗಳಲ್ಲಿ ಗಾಡಿ ಮೇಲೆ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದುಬಿಡುತ್ತಾರೆ. ಹೊಸ ಬುಷ್ ಒಂದೇ ಮಳೆಗಾಲಕ್ಕೆ ಹೋಯಿತು ಎಂಬ ದೂರಿನ ಮೂಲ ಬಹುಪಾಲು ಇದೇ ಎಂಬುದು ನಮ್ಮ ಅಭಿಪ್ರಾಯ, ಕಂಪನಿ ಯಾವುದು ಎಂಬುದಲ್ಲ. ಈ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಹೊರಚಿಪ್ಪು ಕಣ್ಣಿಗೆ ಗಟ್ಟಿ, ಸ್ಲೀವ್ ಹ್ಯಾಂಗರಿಗೆ ಗಟ್ಟಿ, ನಡುವಿನ ರಬ್ಬರ್ ಮಾತ್ರ ತಿರುಚಿಕೊಳ್ಳುತ್ತದೆ. ಪಾಟಾ ಜೋತು ಬಿದ್ದಾಗ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿ ನಿಂತಿರುತ್ತದೆ, ಮೇಲೆ ಹೇರು ಬಿದ್ದರೆ ಹರಿಯುತ್ತದೆ. ಆದ್ದರಿಂದ ನಟ್ ಬರೀ ಕೈಯಿಂದ ತಾಗಿಸಿ, ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ಹಿಂಭಾಗ ನಾಲ್ಕಾರು ಸಲ ಅದುಮಿ ಬಿಟ್ಟು, ಅಡಿಗೆ ತೂರಿ ಟಾರ್ಕ್ ಪಾನಾದಲ್ಲಿ (ಬಿಗಿತ ಅಳೆಯುವ ಪಾನಾ) ಬಿಗಿಯಬೇಕು. ಟಾರ್ಕ್ ಎಷ್ಟು ಎಂಬುದನ್ನು ನಿಮ್ಮ ಮಾದರಿಯ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಿ. ದಿನವೂ ಎಪಿಎಂಸಿಗೆ ಚೀಲ ಹೊರುವ ಗಾಡಿಯಾದರೆ ಆ ಹೇರಿನ ಅರ್ಧದಷ್ಟು ಇಟ್ಟು ಬಿಗಿಯುವುದು ಒಳ್ಳೆಯದು.

ಪಾಲಿಯುರೆಥೇನ್ ಬುಷ್ ಕೇಳುವವರಿದ್ದಾರೆ. ಅದರಲ್ಲಿ ಸ್ಲೀವ್ ತಿರುಗುತ್ತದೆ, ಸಿಲಿಕಾನ್ ಗ್ರೀಸ್ ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ಎರೆಮಣ್ಣಿನ ಹೊಲದ ದಾರಿಗೆ ನಾವು ರಬ್ಬರನ್ನೇ ಹಾಕುತ್ತೇವೆ.

ಬಲಬದಿ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದೇವೆ. ಅಲ್ಲಿ ಮೊದಲು ನೋಡಬೇಕಾದ್ದು ಹ್ಯಾಂಗರಿನ ತೂತು. ಅದು ಮೊಟ್ಟೆಯಾಕಾರವಾಗಿದ್ದರೆ ಹೊಸ ಬುಷ್ ಹಾಕಿದರೂ ಸದ್ದು ಹೋಗುವುದಿಲ್ಲ, ಹ್ಯಾಂಗರ್ ಬದಲಿಸಬೇಕು, ಇಲ್ಲವೇ ಬೆಸುಗೆ ತುಂಬಿಸಿ ಮತ್ತೆ ತೂತು ಕೊರೆಸಬೇಕು. ಬೆಸುಗೆಯಾದರೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಡೀಸೆಲ್ ಪೈಪ್ ಸರಿಸಿದ ಮೇಲೆಯೇ. ಎಡಬದಿಯ ನಟ್ಟುಗಳನ್ನು 500 ಕಿ.ಮೀ. ಓಡಿದ ಮೇಲೆ ಅವು ಸರಿದಿವೆಯೇ ತಿಳಿಯಲು ಎಳೆದ ಪೇಂಟ್ ಗೆರೆ ನೋಡಿ ಮತ್ತೆ ಪರೀಕ್ಷಿಸುತ್ತೇವೆ.