ಹೋದಷ್ಟೇ ಬೇಗ ವಾಪಸ್

19 ಅಕ್ಟೋಬರ್ 2024, ಶನಿವಾರ
ಶಿಕಾಗೊ

ಮಂಡಿ ನೋವಿದ್ದರೂ ಮಗಳ ಬಲವಂತಕ್ಕೆ ಮ್ಯೂಸಿಯಂಗೆ ಹೋದೆ. ಅಲ್ಲಿ ಜರ್ಮನ್ನರ ಯು-505 ಸಬ್‌ಮರೀನ್ ಇದೆ. ಎರಡನೇ ಮಹಾಯುದ್ಧದ್ದು, ಅಸಲಿ. ಒಳಗೆ ಕಾಲಿಟ್ಟಿದ್ದೇ ತಡ, ಇವರು ತಲೆ ಹೊಡೆಸಿಕೊಂಡರು. "ನಮ್ಮನೆ ಅಟ್ಟವೇ ವಾಸಿ ಕಣೇ" ಅಂದರು.

ಉದ್ದ 76 ಮೀಟರ್, ಒಳಗೆ ನೋಡಿದರೆ ಪೈಪು, ಚಕ್ರಗಳೇ. 59 ಜನಕ್ಕೆ 35 ಮಂಚ. ಒಬ್ಬ ಎದ್ದು ಪಾಳಿಗೆ ಹೋದರೆ ಅದೇ ಬೆಚ್ಚಗಿನ ಹಾಸಿಗೆಗೆ ಇನ್ನೊಬ್ಬ. ಸ್ನಾನದ ಮಾತೇ ಇಲ್ಲ. ಇದ್ದದ್ದು ಎರಡೇ ಕಕ್ಕಸು, ಹೊರಡುವಾಗ ಒಂದರಲ್ಲಿ ದಿನಸಿ ತುಂಬಿರುತ್ತಿದ್ದರಂತೆ. ಮೊಮ್ಮಗಳು ಮೂಗು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ.

ಆಮೇಲೆ ಗೈಡ್ ಹುಡುಗ ಪೀಟರ್ ಚೆಖ್ ಅನ್ನೋ ಕಮಾಂಡರ್ ಕಥೆ ಹೇಳಿದ.

ಇವನಿಗಿಂತ ಮುಂಚೆ ಇದ್ದವನು ಏಳು ಹಡಗು ಮುಳುಗಿಸಿದ್ದ. ಇವನ ಲೆಕ್ಕಕ್ಕೆ ಒಂದೇ. 1943ರಲ್ಲಿ ಫ್ರಾನ್ಸಿನ ಲೋರಿಯಾಂ ಬಂದರಿನಿಂದ ಮತ್ತೆ ಮತ್ತೆ ಹೊರಡುವುದು, ಏನೋ ಕೆಟ್ಟು ವಾಪಸ್ ಬರುವುದು. ರಿಪೇರಿ ಮಾಡುವ ಫ್ರೆಂಚ್ ಕೆಲಸಗಾರರೇ ಬೇಕಂತ ಕೆಡಿಸಿಡುತ್ತಿದ್ದರು. ಒಮ್ಮೆ ಡೀಸೆಲ್ ಟ್ಯಾಂಕಿಗೇ ತೂತು ಕೊರೆದಿದ್ದರು. (ಭೇಷ್ ಅನ್ನಬೇಕು. ನಮ್ಮವರೂ 42ರಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿರಲಿಲ್ವಾ?) ಬಂದರಿನಲ್ಲಿ ಉಳಿದವರಿಗೆ ಈ ದೋಣಿ ಅಂದರೆ ತಮಾಷೆ.

ಅಕ್ಟೋಬರ್‌ನಲ್ಲಿ ಮತ್ತೆ ಹೊರಟರು. 24ಕ್ಕೆ ಅಟ್ಲಾಂಟಿಕ್‌ನಲ್ಲಿ ಮೇಲಿಂದ ಶತ್ರು ಹಡಗುಗಳ ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬುಗಳ ಸುರಿಮಳೆ. ಚೆಖ್ ತನ್ನ ಹುಡುಗರ ಮುಂದೆಯೇ ಪಿಸ್ತೂಲಿನಿಂದ ಹೊಡೆದುಕೊಂಡ. ಮೇಲಿನವರಿಗೆ ಏನು ಗೊತ್ತು, ಸಿಡಿಸುತ್ತಲೇ ಇದ್ದರು. ಅವನ ಕೈಕೆಳಗಿನ ಅಧಿಕಾರಿ ಮೇಯರ್ ಜವಾಬ್ದಾರಿ ತಗೊಂಡು ದೋಣಿ ಉಳಿಸಿದ. ಹೆಣ ಸಮುದ್ರಕ್ಕೆ ಬಿಟ್ಟು, ಮತ್ತೆ ಅದೇ ಲೋರಿಯಾಂಗೆ.

ಚೆಖ್‌ಗೆ ಆ ತಿಂಗಳೇ 25 ತುಂಬಿತ್ತು.

ಪಾಪ ಅನ್ನಬಾರದು, ಗೊತ್ತು. ಹಿಟ್ಲರನ ಕಡೆಯವನು. ಅವನು ಮುಳುಗಿಸಿದ ಹಡಗಿನಲ್ಲೂ ಜನ ಇದ್ದರಲ್ಲ. ಆದರೂ 25 ಅಂದ ತಕ್ಷಣ ಕಿವಿ ಮುಚ್ಚಿಹೋಯಿತು. 1944ರ ಜೂನ್‌ನಲ್ಲಿ ಅಮೆರಿಕದವರು ಮುಳುಗುತ್ತಿದ್ದ ಈ ದೋಣಿಗೆ ಹಾರಿ, ನೀರು ನುಗ್ಗುವ ಬಾಯಿ ಮುಚ್ಚಿ ಎಳೆದು ತಂದರಂತೆ. ಅದು ಕಾರಿನಲ್ಲಿ ಇವರು ಹೇಳಿದ್ದು. ನಾನು ಕೇಳಿಸಿಕೊಂಡಿರಲಿಲ್ಲ.

ಚಿಕ್ಕವನಿಗೂ 25. ಮೂರು ಸಲ ಪರೀಕ್ಷೆ ಬರೆದು ಮೂರು ಸಲವೂ ಬ್ಯಾಗ್ ಹಿಡಿದು ಮನೆಗೆ ಬಂದ. ಯುಗಾದಿಯಲ್ಲಿ ಎಲ್ಲರ ಮುಂದೆ "ಬಂದ್ಯಾ ಮತ್ತೆ? ಅಕ್ಕನ್ನ ನೋಡಿ ಕಲಿ" ಅಂದವಳು ನಾನೇ. ಅವನು ನಕ್ಕು ಹೋಳಿಗೆ ತಿಂದ. ಅಂದು ನಕ್ಕಿದ್ದನ್ನೇ ನಾನು ನಂಬಿಬಿಟ್ಟೆ.

ಈಗ ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಬೆಳಿಗ್ಗೆ ಎಂಟು. ಫೋನ್ ಮಾಡಿದೆ.

"ಏನಮ್ಮಾ?"

"ಏನಿಲ್ಲ ಕಣೋ, ಸುಮ್ನೆ. ತಿಂಡಿ ಏನು?"

"ಬ್ರೆಡ್. ನೀನ್ಯಾಕೆ ಒಂಥರಾ ಮಾತಾಡ್ತಿದೀಯ?"

ಯುಗಾದಿ ದಿನ ನಾನು ಅಂದಿದ್ದು, ಅಂತ ಶುರು ಮಾಡುವಷ್ಟರಲ್ಲಿ "ಅಮ್ಮಾ ಹಾಲು ಉಕ್ತಿದೆ, ಒಂದ್ನಿಮಿಷ" ಅಂದ. ಸ್ಟವ್ ಆರಿಸಿದ್ದು ಕೇಳಿಸಿತು, ಪಾತ್ರೆ ಇಳಿಸಿದ್ದೂ ಕೇಳಿಸಿತು. ಆಮೇಲೆ