"ಅಣ್ಣ, ಇದ್ರಲ್ಲಿ ಮಡಿಕೇರಿ ಹತ್ತುತ್ತಾ?"

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಸುಂಟಿಕೊಪ್ಪದಲ್ಲಿ ಟೀ ಅಂಗಡಿ ಮುಂದೆ ಮಳೆ ಕಮ್ಮಿಯಾಗಲಿ ಅಂತ ನಿಂತಿದ್ದೆ. ಬೆಂಗಳೂರು ಕಡೆಯ ಏಳೆಂಟು ಹುಡುಗರು ಬಂದು ಸಾಲಾಗಿ ಗಾಡಿ ನಿಲ್ಲಿಸಿದರು. ಎಲ್ಲವೂ ದೊಡ್ಡ ಗಾಡಿಗಳು. ಎರಡೂ ಬದಿಗೆ ಬ್ಯಾಗು, ಹೆಲ್ಮೆಟ್ ಮೇಲೆ ಕ್ಯಾಮೆರಾ, ಮೊಣಕಾಲಿಗೆ ಗಾರ್ಡು. ಪಕ್ಕದಲ್ಲೇ ನನ್ನ ಸ್ಪ್ಲೆಂಡರ್. ಸೀಟಿಗೆ ಗೊಬ್ಬರದ ಖಾಲಿ ಚೀಲ ಹೊದಿಸಿದ್ದೆ. ಮಡ್‌ಗಾರ್ಡ್ ತುಂಬಾ ತೋಟದ ಕೆಂಪು ಮಣ್ಣು. ಒಬ್ಬ ಹುಡುಗ ಟೀ ಲೋಟ ಹಿಡಿದುಕೊಂಡೇ ಹತ್ತಿರ ಬಂದ. ಟ್ಯಾಂಕಿನ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಿದ. "ಅಣ್ಣ, ಇದ್ರಲ್ಲಿ ಮಡಿಕೇರಿ ಹತ್ತುತ್ತಾ?" ಅಂದ. ಹಿಂದೆ ಇಬ್ಬರು ನಕ್ಕರು.

"ಹತ್ತುತ್ತೆ" ಅಂದೆ. ಅಷ್ಟೇ ಬಂತು ಬಾಯಿಗೆ.

ಹುಡುಗ ಕೆಟ್ಟವನಲ್ಲ. ನನ್ನ ಟೀ ದುಡ್ಡನ್ನೂ ತಾನೇ ಕೊಡೋಕೆ ಬಂದ, ನಾನೇ ಬೇಡ ಅಂದೆ. ಆದರೆ ಆ ತಟ್ಟಿದ್ದು ಇದೆಯಲ್ಲ, ಅದು ಮರೆಯೋಕೆ ಆಗುತ್ತಿಲ್ಲ. ಸಂತೆಯಲ್ಲಿ ಹಲಸು ಹಣ್ಣಾಗಿದೆಯಾ ಅಂತ ತಟ್ಟಿ ನೋಡುತ್ತಾರಲ್ಲ, ಹಾಗೆ. ಗಾಡಿಯನ್ನ ತಟ್ಟಿದನೋ, ನನ್ನನ್ನ ತಟ್ಟಿದನೋ.

ಆಮೇಲೆ ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಉತ್ತರ ಹೇಳುತ್ತಾ ಬಂದೆ. ಹತ್ತೊಂಬತ್ತು ವರ್ಷದಿಂದ ನಾನು ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು. ಕೆದಕಲ್, ಬೋಯಿಕೇರಿ ತಿರುವುಗಳನ್ನ ಇದೇ ಗಾಡಿಯಲ್ಲಿ ಎಷ್ಟು ಸಲ ಹತ್ತಿದ್ದೇನೋ ಲೆಕ್ಕ ಇಲ್ಲ. ಇದರ ಎಂಜಿನ್ 97.2 ಸಿಸಿ, ನಿಜ. ಸೆಕೆಂಡ್ ಗೇರಿಗೆ ಇಳಿಸಿ ನಿಧಾನಕ್ಕೆ ಎಳೆದರೆ ಯಾವ ಏರು ಬೇಕಾದರೂ ಹತ್ತುತ್ತದೆ. ಸಿಸಿ ಕೇಳುವವರು ತೂಕ ಕೇಳುವುದಿಲ್ಲ. ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆಜಿ, ನನ್ನದು 110ರ ಹತ್ತಿರ. ಜುಲೈ ತಿಂಗಳಲ್ಲಿ ತೋಟದ ದಾರಿಯಲ್ಲಿ ಚಕ್ರ ಅರ್ಧ ಹೂತರೆ ನನ್ನದನ್ನ ನಾನೊಬ್ಬನೇ ಎತ್ತಿ ಪಕ್ಕಕ್ಕೆ ಇಡುತ್ತೇನೆ. ದೊಡ್ಡ ಗಾಡಿಗೆ ಕೆಲಸದವರ ಲೈನ್ ಮನೆಯಿಂದ ಮೂರು ಜನರನ್ನ ಕೂಗಬೇಕು.

ಇದೆಲ್ಲ ಆ ಹುಡುಗನಿಗೆ ಗೊತ್ತಿರಬೇಕು ಅಂತ ಏನೂ ಇಲ್ಲ. ಅವನು ನೋಡಿದ್ದು ಸ್ಟಿಕ್ಕರ್ ಮಾತ್ರ.

ಗಾಡಿಯ ಹೆಸರು ನೋಡಿ ಮನುಷ್ಯನನ್ನ ಅಳೆಯುವುದು ನಮ್ಮಲ್ಲಿ ಹೊಸದೂ ಅಲ್ಲ. ಕೊಡಗಿನಲ್ಲಿ ಬುಲೆಟ್ ಅಂದರೆ ಮಿಲಿಟರಿ. ನಮ್ಮ ಸೈನ್ಯ ಆರ್ಡರ್ ಕೊಟ್ಟ ಮೇಲೆಯೇ 1955ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಕಂಪನಿ ಜೊತೆ ಸೇರಿ ಬುಲೆಟ್ ಜೋಡಿಸೋಕೆ ಶುರು ಮಾಡಿದ್ದು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಇದು. ಮನೆ ಮನೆಯಲ್ಲೂ ರಿಟೈರ್ ಆಗಿ ಬಂದವರು. ನಮ್ಮ ಪಕ್ಕದ ಮನೆಯ ಸುಬೇದಾರರ ಬುಲೆಟ್ ಸದ್ದು ಗೇಟಿನ ಹತ್ತಿರ ಕೇಳಿದರೆ ನಾವು ಮಕ್ಕಳೆಲ್ಲ ನೆಟ್ಟಗೆ ನಿಲ್ಲುತ್ತಿದ್ದೆವು.

ಅಪ್ಪನದು ಯೆಜ್ಡಿ ಪಕ್ಷ. ಮೈಸೂರಲ್ಲಿ ಮಾಡಿದ್ದು, ನಮ್ಮ ಗಾಡಿ ಅಂತ ಅಭಿಮಾನ. ಅದರಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಅಪ್ಪ ಅದನ್ನ ಪಾದದಿಂದ ಒಳಗೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆತ್ತಿ, ಒಂದೇ ಏಟಿಗೆ ಸ್ಟಾರ್ಟ್ ಮಾಡುತ್ತಿದ್ದರು. ಆಮೇಲೆ ಅದೇ ಲಿವರ್ ಮುಂದಕ್ಕೆ ಬಂದು ಗೇರ್ ಆಗುತ್ತಿತ್ತು. ನೋಡೋಕೆ ಎಷ್ಟು ಚೆಂದ! ಸೈಲೆನ್ಸರಿನಿಂದ ನೀಲಿ ಹೊಗೆ, ಸುಟ್ಟ ಆಯಿಲ್ ವಾಸನೆ. 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಮುಚ್ಚಿದಾಗ ಅಪ್ಪ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆದರೆ ಇದೇ ಅಪ್ಪ, ಒಂದು ಸಂಜೆ ಬಸ್ ತಪ್ಪಿದಾಗ ಸುಬೇದಾರರು ಕರೆದರೂ ಬುಲೆಟ್ ಹತ್ತಲಿಲ್ಲ. "ಬರೀ ಸದ್ದು ಮಾರಾಯ ಅದು" ಅಂದು, ಆ ಮಳೆಯಲ್ಲಿ ನಾಲ್ಕು ಕಿಲೋಮೀಟರ್ ನಡೆದು ಬಂದರು. ಸುಬೇದಾರರಿಗೆ ಬೇಜಾರಾಗಿತ್ತು. ಆಮೇಲೆ ಎಷ್ಟೋ ದಿನ ಅವರು ನಮ್ಮ ಜಗಲಿಗೆ ಬರಲಿಲ್ಲ.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ತಟ್ಟಿದ್ದು, ನಕ್ಕಿದ್ದು, ಎಲ್ಲ. ಅವಳು ಸಾರು ಬಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಮತ್ತೆ ನೀವು ಆ ಡ್ಯೂಕ್ ಹುಡುಗನ್ನ ಬೇಡ ಅಂದಿದ್ದು?"

ತುತ್ತು ಕೈಯಲ್ಲೇ ನಿಂತಿತು.

ಹೋದ ವರ್ಷದ ಮಾತು. ಕಾಫಿ ಹಣ್ಣಿನ ಸಮಯದಲ್ಲಿ ಲೆಕ್ಕ ಬರೆಯೋಕೆ ನನಗೊಬ್ಬ ಸಹಾಯಕ ಬೇಕಿತ್ತು. ಊರಿನದೇ ಹುಡುಗ, ಬಿಕಾಂ ಮುಗಿಸಿದವನು ಬಂದ. ಬಂದಿದ್ದು ಕೆಟಿಎಂ ಡ್ಯೂಕಿನಲ್ಲಿ. ಕಿತ್ತಳೆ ಬಣ್ಣದ ಚಕ್ರ, ಮೇಲಕ್ಕೆ ಎದ್ದ ಸೀಟು. ಮಾತು ಮುಗಿಯೋಕೆ ಐದು ನಿಮಿಷ ಹಿಡಿಯಿತು. ನನ್ನ ತೀರ್ಮಾನ ಅವನು ಸ್ಟ್ಯಾಂಡ್ ಹಾಕುವಾಗಲೇ ಆಗಿತ್ತು. ಸಾವುಕಾರರಿಗೆ ಹೇಳಿದೆ, "ಡ್ಯೂಕ್ ಓಡಿಸೋ ಹುಡುಗರು ತೋಟದಲ್ಲಿ ನಿಲ್ಲಲ್ಲ ಸಾರ್. ವೀಲಿಂಗ್ ಮಾಡ್ಕೊಂಡು ಇರ್ತಾರೆ." ಅವನು ವೀಲಿಂಗ್ ಮಾಡಿದ್ದನ್ನ ನಾನಂತೂ ಒಂದು ದಿನವೂ ನೋಡಿರಲಿಲ್ಲ.

"ಸೆಕೆಂಡ್ ಹ್ಯಾಂಡಲ್ಲಿ ಅದೇ ಕಮ್ಮಿಗೆ ಸಿಕ್ಕಿತಂತೆ. ಅವನ ಅಮ್ಮ ಹೇಳ್ತಿದ್ರು" ಅಂದಳು ಹೆಂಡತಿ. ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ಅಂತ ಅವಳನ್ನ ಕೇಳಬಹುದಿತ್ತು. ಕೇಳಲಿಲ್ಲ. ನಾನು ಅವನನ್ನೇ ಒಂದು ಮಾತು ಕೇಳಬಹುದಿತ್ತಲ್ಲ. ಟೀ ಅಂಗಡಿ ಹುಡುಗನಾದರೂ ಕೇಳಿದ, ಹತ್ತುತ್ತಾ ಅಂತ. ನನಗೆ ಉತ್ತರ ಕೊಡೋಕೆ ಜಾಗ ಇತ್ತು. ನಾನು ಅಷ್ಟೂ ಮಾಡಲಿಲ್ಲ.

ಮಂಗಳವಾರ ಅವನೇ ಸಿಕ್ಕಿದ. ಪೆಟ್ರೋಲ್ ಬಂಕಿನಲ್ಲಿ, ನನ್ನ ಹಿಂದೆ. ಡ್ಯೂಕಿನ ಹಿಂದಿನ ಸೀಟಿಗೆ ಪೈಪಿನ ಎಲ್ಬೋ ತುಂಬಿದ ಚೀಲ, ಹಗ್ಗದಲ್ಲಿ ಅಡ್ಡಡ್ಡ ಬಿಗಿದಿದ್ದ. ಆ ಇಳಿಜಾರು ಸೀಟಿನ ಮೇಲೆ ಮೂಟೆ ಜಾರದ ಹಾಗೆ ಕಟ್ಟೋಕೆ ಕೈ ಪಳಗಿರಬೇಕು. ಗಂಟು ನೋಡಿದರೇ ಗೊತ್ತಾಗುತ್ತಿತ್ತು, ದಿನಾ ಕಟ್ಟುವವನ ಗಂಟು ಅದು. ನೂರು ರೂಪಾಯಿ ಪೆಟ್ರೋಲ್ ಹಾಕಿಸಿದ. ಹೆಲ್ಮೆಟ್ ತೆಗೆದು, "ರೈಟರಣ್ಣ, ಚೆನ್ನಾಗಿದ್ದೀರಾ?" ಅಂದ. ಕುಶಾಲನಗರದಲ್ಲಿ ಯಾವುದೋ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನಂತೆ, ಅಲ್ಲೇ ರೂಮು ಮಾಡಿದ್ದಾನಂತೆ. ಹೋದ ವರ್ಷದ ಮಾತು ಎತ್ತಲಿಲ್ಲ. ಅವನಿಗೆ ಗೊತ್ತಿದೆಯೋ ಇಲ್ಲವೋ. "ಹುಷಾರು, ರಸ್ತೆ ಜಾರುತ್ತೆ" ಅಂದೆ ನಾನು. ಅದೂ ಡ್ಯೂಕ್ ನೋಡಿಯೇ ಬಾಯಿಗೆ ಬಂದ ಮಾತು ಅಂತ ಆಮೇಲೆ ಅನ್ನಿಸಿ ಹೊಟ್ಟೆ ಹಿಂಡಿತು. ಅವನು ಮಾತ್ರ "ಆಯ್ತಣ್ಣ" ಅಂದು, ಇಂಡಿಕೇಟರ್ ಹಾಕಿ, ಎರಡೂ ಕಡೆ ನೋಡಿ, ನಿಧಾನಕ್ಕೆ ರಸ್ತೆಗೆ ಇಳಿದ.

ನಿನ್ನೆ ಸಾವುಕಾರರ ಹತ್ತಿರ ಹೋದೆ. ಈ ಸಲ ಹಣ್ಣು ಶುರುವಾಗುವ ಮೊದಲೇ ಆ ಹುಡುಗನನ್ನ ಕರೆಯೋಣ ಅಂದೆ.

"ಯಾರು, ಆ ಡ್ಯೂಕಾ? ನೀವೇ ಬೇಡ ಅಂದಿದ್ರಲ್ವಾ?"

"ಹೌದು ಸಾರ್. ನಾನೇ ಅಂದಿದ್ದು. ನನ್ನದೇ ತಪ್ಪು."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಸರಿ, ಫೋನ್ ಮಾಡಿ ಬರೋಕೆ ಹೇಳಿ" ಅಂದರು.

ಜೇಬಿನಿಂದ ಫೋನ್ ತೆಗೆದೆ. ಅವನ ನಂಬರ್ ನನ್ನ ಹತ್ತಿರ ಇಲ್ಲ. ಅವನ ಗಾಡಿ ನಂಬರ್ ಮಾತ್ರ ಬಾಯಿಪಾಠ ಇದೆ.