ಏಂಜೆಲ್ ನಾಣ್ಯಗಳನ್ನು ಅರಸಿ ಆಕ್ಸ್‌ಫರ್ಡಿಗೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಆಕ್ಸ್‌ಫರ್ಡಿಗೆ ಸುಮಾರು ಒಂದು ಗಂಟೆಯ ರೈಲು ಪ್ರಯಾಣ. ಇಂಗ್ಲೆಂಡನ್ನಾಳಿದ ಟ್ಯೂಡರ್ ವಂಶದ ಅರಸರ ಚಿನ್ನದ ನಾಣ್ಯಗಳನ್ನು ನಲವತ್ತು ವರ್ಷಗಳಿಂದ ಬಹುಪಾಲು ಛಾಯಾಚಿತ್ರಗಳಲ್ಲೇ ಅಭ್ಯಾಸ ಮಾಡುತ್ತ ಬಂದಿರುವ ನನ್ನ ಬಳಿ ಸ್ವಂತದ್ದೆಂದು ಇರುವುದು ಏಳನೆಯ ಹೆನ್ರಿಯ ಒಂದೇ ಒಂದು ಸವೆದ ಅರ್ಧ ಏಂಜೆಲ್. ಅದನ್ನು ಜೇಬಿನಲ್ಲಿಟ್ಟುಕೊಂಡು, ಮೊದಲೇ ಪತ್ರ ಬರೆದು ಅನುಮತಿ ಪಡೆದು, ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ನಾಣ್ಯ ವಿಭಾಗಕ್ಕೆ ಹೋದೆ.

ನಾನು ನೋಡಬೇಕೆಂದಿದ್ದುದು ಆಸ್ಟ್‌ಹಾಲ್ ನಿಧಿಯನ್ನು. ಅದೇ ಸೀಮೆಯ ಆಸ್ಟ್‌ಹಾಲ್ ಹಳ್ಳಿಯಲ್ಲಿ 2007ರಲ್ಲಿ ಕಟ್ಟಡ ಕಾಮಗಾರಿಯ ವೇಳೆ ದೊರೆತ ಈ 210 ನಾಣ್ಯಗಳೂ ಏಂಜೆಲ್ ಇಲ್ಲವೇ ಅರ್ಧ ಏಂಜೆಲ್‌ಗಳೇ. 1465ರಲ್ಲಿ ನಾಲ್ಕನೆಯ ಎಡ್ವರ್ಡ್ ಆರಂಭಿಸಿದ ಈ ನಾಣ್ಯವನ್ನು ಟ್ಯೂಡರರು ಮುಂದುವರಿಸಿದರು. 80 ಗ್ರೇನ್ (ಸುಮಾರು 5.2 ಗ್ರಾಂ), ಅಂದರೆ ನಮ್ಮ ವಿಜಯನಗರದ ಒಂದೂವರೆ ವರಾಹದಷ್ಟು ತೂಕ. (ಎಂಟನೆಯ ಹೆನ್ರಿಯೂ ಕೃಷ್ಣದೇವರಾಯನೂ ಪಟ್ಟವೇರಿದ್ದು 1509ರಲ್ಲಿಯೇ. ನಮ್ಮ ಚಿನ್ನದಂಗಡಿಗಳ ‘ಸವರನ್’ ಎಂಬ ಮಾತಿನ ಮೂಲವಂತೂ 1489ರಲ್ಲಿ ಏಳನೆಯ ಹೆನ್ರಿ ಟಂಕಿಸಿದ ಸಾವರಿನ್‌ವರೆಗೂ ಹೋಗುತ್ತದೆ.)

ತಟ್ಟೆಯಲ್ಲಿಟ್ಟ ಏಂಜೆಲ್‌ನ ಮುಂಬದಿಯಲ್ಲಿ ದೇವದೂತ ಮೈಕೇಲ್ ಘಟಸರ್ಪವನ್ನು ತಿವಿಯುತ್ತಿದ್ದಾನೆ. ಹಿಂಬದಿಯಲ್ಲಿ ಶಿಲುಬೆಯನ್ನೇ ಕೂವೆಮರವಾಗಿಸಿಕೊಂಡ ಹಡಗು. ಹಳೆಯ ಅಚ್ಚಿನಲ್ಲಿ ಮೈಕೇಲ್‌ನ ಒಂದು ಪಾದ ಮಾತ್ರ ಸರ್ಪದ ಮೇಲಿದ್ದರೆ, ಏಳನೆಯ ಹೆನ್ರಿಯ ಹೊಸ ಅಚ್ಚಿನಲ್ಲಿ ಎರಡೂ ಪಾದಗಳು ಊರಿವೆ. ಚಿತ್ರಗಳಲ್ಲಿ ನೂರಾರು ಸಲ ಕಂಡಿದ್ದರೂ, ಹೊಸ ಅಚ್ಚಿನ ಗೆರೆ ಎಷ್ಟು ತೀಕ್ಷ್ಣವೆಂಬುದು ಕಣ್ಣಾರೆ ಕಂಡಾಗಲೇ ತಿಳಿದದ್ದು.

ಈ ಏಂಜೆಲ್‌ಗಳ ಮೇಲೆ ಇಸವಿ ಇರುವುದಿಲ್ಲ. ಕಾಲವನ್ನು ಹೇಳುವುದು ಬರಹದ ಆರಂಭದಲ್ಲಿರುವ ಸಾಸಿವೆಯಷ್ಟು ಚಿಕ್ಕ ಟಂಕಸಾಲೆಯ ಗುರುತು: ಗುಲಾಬಿ, ಲಂಗರು, ಬೇಟೆನಾಯಿಯ ತಲೆ, ಬಾಣದ ಮೊನೆ. ಲಂಡನ್ ಗೋಪುರದ ಟಂಕಸಾಲೆಯಲ್ಲಿ ಮಾದರಿ ನಾಣ್ಯಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟು ಪರೀಕ್ಷಿಸುವ ‘ಪಿಕ್ಸ್’ ಕ್ರಮವಿತ್ತು. ಯಾವ ಅವಧಿಯ ಚಿನ್ನ ಯಾವುದೆಂದು ತಿಳಿಯಲು ಈ ಗುರುತುಗಳನ್ನು ಬದಲಿಸಲಾಗುತ್ತಿತ್ತು. ನನ್ನ ಮಟ್ಟಿಗೆ ಟ್ಯೂಡರ್ ನಾಣ್ಯಶಾಸ್ತ್ರವೆಂದರೆ ಅರಸರ ವೈಭವಕ್ಕಿಂತ ಹೆಚ್ಚಾಗಿ ಈ ಸಾಸಿವೆಕಾಳೇ.

ಹೊರಡುವ ಮುನ್ನ ನನ್ನ ಅರ್ಧ ಏಂಜೆಲನ್ನು ಅವುಗಳ ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದೆ. ತಲೆಕೆಳಗಾದ ಲಂಗರು ಎಂದು ಇಪ್ಪತ್ತು ವರ್ಷಗಳ ಹಿಂದೆ ನಾನು ಚೀಟಿ ಬರೆದಿದ್ದ ಗುರುತು ಅಲ್ಲಿ ನಿಚ್ಚಳವಾಗಿ ಬಾಣದ ಮೊನೆಯಾಗಿತ್ತು. ಎಂದರೆ ಅದು ಏಳನೆಯ ಹೆನ್ರಿಯ ಕೊನೆಯ ವರ್ಷಗಳದು. ಮರಳುವ ರೈಲಿನಲ್ಲಿ ಚೀಟಿಯ ಹಳೆಯ ಪದವನ್ನು ಹೊಡೆದು, ಮೇಲೆ ಹೊಸದನ್ನು ಬರೆದೆ.